ರಾತ್ರಿಯ ಫೋಟೋದಲ್ಲಿ ಹಿಂದಿನ ಸಾಲು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಎಂದುಕೊಂಡು ಬಂದಿರಬಹುದು. ನಾನು ಫೋಟೋ ವಿಷಯ ಎತ್ತಿಕೊಂಡಿದ್ದೇನೆ. ಸ್ಮರಣ ಸಂಚಿಕೆಗಾಗಿ ಹಳೆಯ ವಾರ್ಷಿಕೋತ್ಸವದ ಫೋಟೋಗಳನ್ನು ಸ್ಕ್ಯಾನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ರಾತ್ರಿ ತೆಗೆದ ಗ್ರೂಪ್ ಫೋಟೋಗಳಲ್ಲೆಲ್ಲ ಒಂದೇ ಕಥೆ. ಕುರ್ಚಿಯಲ್ಲಿ ಕೂತ ಅತಿಥಿಗಳ ಮುಖ ಸುಣ್ಣ ಬಳಿದ ಹಾಗೆ. ಹಿಂದಿನ ಸಾಲಿನ ಹುಡುಗರು, ಅವರ ಪಕ್ಕ ನಿಂತ ಜವಾನರು, ಬಿಸಿಯೂಟದ ಅಕ್ಕಂದಿರು ಬರೀ ನೆರಳು. ಕೆಳಗೆ ಹೆಸರು ಬರೆಯೋಣವೆಂದರೆ ಯಾರೆಂದೇ ಗೊತ್ತಾಗಲಿಲ್ಲ.

ಕಾರಣವನ್ನು ನಾವು ಒಂಬತ್ತನೇ ತರಗತಿಯ ಗುರುತ್ವಾಕರ್ಷಣೆಯ ಪಾಠದಲ್ಲೇ ಬಾಯಿಪಾಠ ಮಾಡಿದ್ದೇವೆ: ದೂರದ ವರ್ಗಕ್ಕೆ ವಿಲೋಮಾನುಪಾತ. ಫ್ಲ್ಯಾಶಿನ ಬೆಳಕಿಗೂ ಅದೇ ಲೆಕ್ಕ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗ. ಮುಂದಿನ ಸಾಲು 3 ಮೀಟರ್, ಹಿಂದಿನದು 5 ಮೀಟರ್ ದೂರದಲ್ಲಿದ್ದರೆ, ಮುಂದಿನವರಿಗೆ ಬಿದ್ದ ಬೆಳಕಿನಲ್ಲಿ ಹಿಂದಿನವರಿಗೆ ಸಿಗುವುದು ಶೇ. 36 ಮಾತ್ರ. ಫೋಟೋ ತೆಗೆಯುವವರು ಇನ್ನೂ 3 ಮೀಟರ್ ಹಿಂದೆ ಸರಿದು ಜೂಮ್ ಮಾಡಲಿ. ಸಾಲುಗಳು ಈಗ 6 ಮತ್ತು 8 ಮೀಟರ್. ಹಿಂದಿನವರ ಪಾಲು ಶೇ. 56ಕ್ಕೆ ಏರಿತು. ಕಾಸು ಖರ್ಚಿಲ್ಲ!

ಅಷ್ಟು ದೂರಕ್ಕೆ ಫ್ಲ್ಯಾಶ್ ಸಾಕಾಗುತ್ತದೆಯೇ? ಪ್ರತಿ ಫ್ಲ್ಯಾಶಿಗೂ ಒಂದು ಗೈಡ್ ನಂಬರ್ ಇರುತ್ತದೆ. ಕ್ಯಾಮೆರಾದ ತಲೆಯ ಮೇಲೆ ಎದ್ದು ನಿಲ್ಲುವ ಸಣ್ಣ ಫ್ಲ್ಯಾಶಿಗೆ ಅದು ಸುಮಾರು 12. ಅದನ್ನು ಅಪರ್ಚರ್ ಸಂಖ್ಯೆಯಿಂದ ಭಾಗಿಸಿದರೆ ದೂರ ಸಿಗುತ್ತದೆ. ಐಎಸ್‌ಒ 100, ಅಪರ್ಚರ್ 4 ಇದ್ದರೆ 3 ಮೀಟರ್. ಐಎಸ್‌ಒ 400ಕ್ಕೆ 6, 800ಕ್ಕೆ ಸುಮಾರು 8.5. ನಡುವಿನ ಸಾಲಿಗೆ ಹೊಂದುವಂತೆ ಇವೆರಡರ ಮಧ್ಯೆ ಇಟ್ಟುಕೊಳ್ಳಿ.

ಶಟರ್ ಕಥೆಯೇ ಬೇರೆ. ಫ್ಲ್ಯಾಶ್ ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿ ಮಿಂಚಿ ಮುಗಿಯುತ್ತದೆ. ಆದ್ದರಿಂದ ಶಟರ್ 1/200 ಇರಲಿ, 1/15 ಇರಲಿ, ಮುಖದ ಮೇಲೆ ಬಿದ್ದ ಫ್ಲ್ಯಾಶ್ ಬೆಳಕು ಅಷ್ಟೇ. ಬದಲಾಗುವುದು ಹಿನ್ನೆಲೆ. 1/200ರಲ್ಲಿ ನಮ್ಮ ಶಾಲೆಯ ಕಟ್ಟಡ ಕಪ್ಪು ಗೋಡೆ. 1/15ರಲ್ಲಿ ಜಗುಲಿಯ ಟ್ಯೂಬ್‌ಲೈಟು, ಸೀರಿಯಲ್ ಸೆಟ್ಟು ಎಲ್ಲ ಬರುತ್ತವೆ. ಟ್ರೈಪಾಡ್ ಬೇಕು, ಜನ ಅಲುಗಾಡಬಾರದು. ನಮ್ಮೂರಿನವರಿಗೆ ಎರಡನೆಯದೇ ಕಷ್ಟ.

ಆಟೋ ಮೋಡನ್ನು ಪೂರ್ತಿ ನಂಬಬೇಡಿ. ಬಿಳಿ ಪಂಚೆ, ಬಿಳಿ ಅಂಗಿಯ ಹಿರಿಯರು ತುಂಬಿದ್ದರೆ ಬೆಳಕು ಹೆಚ್ಚಾಯಿತೆಂದು ಅದು ಫ್ಲ್ಯಾಶ್ ತಗ್ಗಿಸುತ್ತದೆ, ಮುಖಗಳು ಕಪ್ಪಾಗುತ್ತವೆ. ಆಗ ಫ್ಲ್ಯಾಶನ್ನು ಒಂದು ಸ್ಟಾಪ್ ಏರಿಸಿ. ಕತ್ತಲ ಬಯಲಿನಲ್ಲಿ ಒಬ್ಬರೇ ನಿಂತಿದ್ದರೆ ಒಂದು ಸ್ಟಾಪ್ ಇಳಿಸಿ. ಇನ್ನು ಮೊಬೈಲ್ ಫ್ಲ್ಯಾಶ್: ಅದು ಪುಟ್ಟ ಎಲ್‌ಇಡಿ ದೀಪ, ಒಂದೆರಡು ಮೀಟರ್ ದಾಟುವುದು ಕಷ್ಟ. ಕೊನೆಯ ಬೆಂಚಿನಿಂದ ನಾಟಕದ ಫೋಟೋ ತೆಗೆಯುವಾಗ ದಯವಿಟ್ಟು ಆರಿಸಿ. ಬೆಳಗುವುದು ಮುಂದೆ ಕೂತವರ ತಲೆ ಮಾತ್ರ.

ಮಹೋತ್ಸವದ ರಾತ್ರಿ ಮೈದಾನದಲ್ಲಿ ಗ್ರೂಪ್ ಫೋಟೋ ಇದೆ. ಸಾಲುಗಳನ್ನು ಒತ್ತಾಗಿ ನಿಲ್ಲಿಸೋಣ. ಮೊದಲು ಒಂದು ಪರೀಕ್ಷೆಯ ಫೋಟೋ ತೆಗೆದು, ಹಿಂದಿನ ಸಾಲನ್ನು ದೊಡ್ಡದು ಮಾಡಿ ನೋಡೋಣ. ಜವಾನರನ್ನೂ ಬಿಸಿಯೂಟದ ಅಕ್ಕಂದಿರನ್ನೂ ಈ ಸಲ ಎರಡನೇ ಸಾಲಿಗೆ ಕರೆಯೋಣ, ಮೇಷ್ಟ್ರೇ.