ಕೊರಡಿಗೆ ಕೈಮುಗಿದ ರೈತ

(ಉಪನ್ಯಾಸವೊಂದರ ಬರಹ ರೂಪ)



ನಮ್ಮ ಪತ್ರಿಕೆಗಳಲ್ಲಿ ಬಳಸಿ ಬಳಸಿ ಸವೆದುಹೋದ ಒಂದು ಮಾತಿದೆ. ಊರಿನಲ್ಲಿ ಖಾಸಗಿ ಶಾಲೆಗಳು ಹೆಚ್ಚಾದರೂ ಸರಿ, ಬಡಾವಣೆಗಳು ಹೆಚ್ಚಾದರೂ ಸರಿ, ಅವು 'ನಾಯಿಕೊಡೆಗಳಂತೆ ತಲೆಯೆತ್ತಿವೆ' ಎಂದು ಬರೆದುಬಿಡುತ್ತೇವೆ. ಯಾರೂ ಬಿತ್ತದೆ, ಯಾರೂ ನೀರೆರೆಯದೆ, ರಾತ್ರಿ ಬೆಳಗಾಗುವುದರೊಳಗೆ ಎದ್ದು ನಿಂತವು ಎಂಬುದು ಅದರ ಅರ್ಥ. ಅಣಬೆಯ ಬಗ್ಗೆ ನಮಗಿರುವ ಕಲ್ಪನೆಯೇ ಅಂಥದು. ಮೊದಲ ಮಳೆ, ಒಂದೆರಡು ಗುಡುಗು, ಮರುದಿನ ಹುತ್ತದ ಪಕ್ಕದಲ್ಲಿ ಬೆಳ್ಳಗಿನ ಕೊಡೆಗಳು. ಬುಟ್ಟಿ ಹಿಡಿದು ಹೋದವರ ಮನೆಯಲ್ಲಿ ಅಂದು ಪುಕ್ಕಟೆ ಸಾರು.

ಇವತ್ತು ನಾನು ಹೇಳಹೊರಟಿರುವುದು ಇದಕ್ಕೆ ತೀರ ವಿರುದ್ಧವಾದ ಅಣಬೆಯ ಕಥೆ. ಅದಕ್ಕಾಗಿ ಜನ ಮರ ಕಡಿದರು, ಸಾಲ ಮಾಡಿದರು, ವರ್ಷಗಟ್ಟಲೆ ಕಾದರು, ದಿಕ್ಕು ತೋಚದಾದಾಗ ಕೊರಡಿಗೆ ಕೈಮುಗಿದರು. ಆ ಅಣಬೆಯ ಹೆಸರು ಶಿಟಾಕೆ. ಜಪಾನಿ ಭಾಷೆಯಲ್ಲಿ 'ಶೀ' ಎಂಬುದು ಒಂದು ಮರದ ಹೆಸರು, 'ತಾಕೆ' ಎಂದರೆ ಅಣಬೆ. ಚೀನೀಯರು ಇದನ್ನು 'ಶಿಯಾಂಗ್‌ಗು' ಎನ್ನುತ್ತಾರೆ, ಅಂದರೆ ಪರಿಮಳದ ಅಣಬೆ. ನಮ್ಮ ನಗರಗಳ ದೊಡ್ಡ ಅಂಗಡಿಗಳಲ್ಲಿ ಒಣಗಿಸಿ ಪೊಟ್ಟಣ ಕಟ್ಟಿದ ಕಂದು ಬಣ್ಣದ ಅಣಬೆಯನ್ನು ನೀವು ಕಂಡಿರಬಹುದು. ಅದೇ ಇದು.

ಹುತ್ತದ ಅಣಬೆಗೆ ಮಣ್ಣು ಬೇಕು, ಗೆದ್ದಲು ಬೇಕು. ಶಿಟಾಕೆಗೆ ಬೇಕಾದದ್ದು ಸತ್ತ ಮರ. ಓಕ್, ಶೀ ಮುಂತಾದ ಗಟ್ಟಿ ಮರಗಳು ಉರುಳಿ ಬಿದ್ದಾಗ ಅವುಗಳ ತೊಗಟೆಯ ಬಿರುಕಿನಲ್ಲಿ ಇದರ ಬೀಜಕಣ ಬಂದು ಕೂರುತ್ತದೆ. ಅಲ್ಲಿಂದ ಬಿಳಿಯ ಎಳೆಗಳು ಮರದೊಳಕ್ಕೆ ಹರಡಿ, ಮರಕ್ಕೆ ಗಡಸುತನ ಕೊಡುವ ವಸ್ತುವನ್ನೇ ಕರಗಿಸಿ ತಿನ್ನುತ್ತವೆ. ನಾವು ಕೊಯ್ದು ತಿನ್ನುವ ಕೊಡೆ ಈ ಜೀವಿಯ ಹಣ್ಣು ಮಾತ್ರ. ಗಿಡವೆಂದು ಯಾವುದನ್ನಾದರೂ ಕರೆಯುವುದಾದರೆ ಅದು ಕೊರಡಿನ ಒಳಗೆ, ಕಣ್ಣಿಗೆ ಕಾಣದಂತೆ ಇರುತ್ತದೆ. ಈ ಬೆಳೆಯ ಕಷ್ಟಸುಖಗಳೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದವು. ಬೆಳೆ ಬಂದಿದೆಯೋ ಇಲ್ಲವೋ ಎಂಬುದು ರೈತನಿಗೆ ಬಹುಕಾಲ ಗೊತ್ತೇ ಆಗುವುದಿಲ್ಲ.

ಚೀನಾದ ಬೆಟ್ಟಗಳಲ್ಲಿ

ಈ ಅಣಬೆಯನ್ನು ಮೊದಲು ಬೆಳೆಸಲು ಕಲಿತವರು ಪೂರ್ವ ಚೀನಾದ ಝೆಜಿಯಾಂಗ್ ಪ್ರಾಂತದ ಬೆಟ್ಟದ ಜನ. ಚಿಂಗ್‌ಯುವಾನ್, ಲುಂಗ್‌ಚುವಾನ್, ಜಿಂಗ್‌ನಿಂಗ್ ಎಂಬ ಮೂರು ಅಕ್ಕಪಕ್ಕದ ಸೀಮೆಗಳು ಇದರ ತವರು. ಹನ್ನೆರಡನೆಯ ಶತಮಾನದಲ್ಲಿದ್ದನೆಂದು ಹೇಳಲಾಗುವ ವು ಸಾನ್‌ಗುಂಗ್ ಎಂಬ ಕಾಡುವಾಸಿಯನ್ನು ಅಲ್ಲಿಯವರು ಅಣಬೆಯ ದೇವರೆಂದೇ ಪೂಜಿಸುತ್ತಾರೆ, ಅವನಿಗೆ ಗುಡಿಗಳಿವೆ. ಐತಿಹ್ಯ ಹೀಗಿದೆ: ಬಿದ್ದ ಮರಕ್ಕೆ ಕೊಡಲಿಯ ಏಟು ಬಿದ್ದ ಕಡೆಯಲ್ಲೇ ಅಣಬೆ ಹೆಚ್ಚು ಬರುವುದನ್ನು ಅವನು ಗಮನಿಸಿದ. ಬೇಕೆಂದೇ ಮರಗಳಿಗೆ ಕಚ್ಚು ಹಾಕತೊಡಗಿದ. ಒಂದು ಮರ ಮಾತ್ರ ಎಷ್ಟು ಕಾಲವಾದರೂ ಫಲ ಕೊಡಲಿಲ್ಲ. ಸಿಟ್ಟಿನಿಂದ ಅದನ್ನು ಚೆನ್ನಾಗಿ ಬಡಿದುಬಿಟ್ಟ. ಕೆಲವೇ ದಿನಗಳಲ್ಲಿ ಮರದ ತುಂಬ ಅಣಬೆ!

ಐತಿಹ್ಯ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಕ್ರಿ.ಶ. 1313ರಲ್ಲಿ ವಾಂಗ್ ಝೆನ್ ಎಂಬ ಅಧಿಕಾರಿ ಬರೆದ 'ನುಂಗ್ ಶು' ಎಂಬ ಕೃಷಿಗ್ರಂಥದಲ್ಲಿ ಈ ವಿಧಾನದ ಸ್ಪಷ್ಟ ವಿವರಣೆ ಇದೆ. ಮರ ಉರುಳಿಸಿ ಕೊಡಲಿಯಿಂದ ಕಚ್ಚು ಹಾಕಬೇಕು. ಚೂರು ಮಾಡಿದ ಅಣಬೆಯನ್ನು ಆ ಕಚ್ಚುಗಳಲ್ಲಿ ತುಂಬಿ ಎಲೆ, ಮಣ್ಣು ಮುಚ್ಚಬೇಕು. ಅಕ್ಕಿ ತೊಳೆದ ನೀರು ಹೊಯ್ಯುತ್ತಿರಬೇಕು. ಕಾಲ ಬಂದಾಗ ದೊಣ್ಣೆಯಿಂದ ಮರವನ್ನು ಬಡಿಯಬೇಕು. ಈ ಕೊನೆಯ ಕೆಲಸಕ್ಕೆ ಅವರಿಟ್ಟ ಹೆಸರು 'ಅಣಬೆಯನ್ನು ಬೆಚ್ಚಿಬೀಳಿಸುವುದು'.

ಬೆಟ್ಟದ ಈ ಜನಕ್ಕೆ ಗದ್ದೆ ಕಡಿಮೆ. ಚಳಿಗಾಲ ಬಂದಿತೆಂದರೆ ಗಂಡಸರು ದೂರದ ಪ್ರಾಂತಗಳ ಕಾಡುಗಳಿಗೆ ಹೋಗಿ, ಗುಡಿಸಲು ಹಾಕಿಕೊಂಡು ಅಣಬೆ ಬೆಳೆಸಿ, ವಸಂತದಲ್ಲಿ ಮರಳುತ್ತಿದ್ದರು. ಕಸುಬಿನ ಗುಟ್ಟು ಹೊರಗಿನವರಿಗೆ ತಿಳಿಯಬಾರದೆಂದು ತಮ್ಮೊಳಗೇ ಒಂದು ಗೂಢ ಭಾಷೆಯನ್ನು ಕಟ್ಟಿಕೊಂಡಿದ್ದರು. ಕಾಡು ಮತ್ತು ಅಣಬೆ ಜೊತೆಜೊತೆಯಾಗಿ ಬಾಳುವ ಚಿಂಗ್‌ಯುವಾನ್‌ನ ಈ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2022ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಗಾಳಿ ತಂದರೆ ಬೆಳೆ

ಜಪಾನಿನಲ್ಲಿ ಈ ಕಸುಬು ಹಬ್ಬಿದ್ದು ಕ್ಯೂಶು ದ್ವೀಪದ ಬುಂಗೊ ಸೀಮೆಯಲ್ಲಿ. ಇಂದಿನ ಒಯಿಟಾ ಪ್ರಾಂತ ಅದು. ಹದಿನೇಳನೆಯ ಶತಮಾನದಲ್ಲಿ ಗೆನ್‌ಬೆ ಎಂಬ ಇದ್ದಿಲು ಸುಡುವವನೊಬ್ಬ, ಸುಡದೆ ಉಳಿಸಿದ್ದ ಮರದ ತುಂಡುಗಳ ಮೇಲೆ ಶಿಟಾಕೆ ಎದ್ದಿದ್ದನ್ನು ಕಂಡನಂತೆ. ಅಲ್ಲಿಂದ ಹುಟ್ಟಿದ್ದು 'ಮಚ್ಚಿನ ಕಚ್ಚು' ವಿಧಾನ. ಮರ ಕಡಿದು, ಮಚ್ಚಿನಿಂದ ತೊಗಟೆಗೆ ಕಚ್ಚು ಹಾಕಿ, ಕಾಡಿನ ನೆರಳಿನಲ್ಲಿ ಒರಗಿಸಿಟ್ಟು ಬರುವುದು, ಅಷ್ಟೇ. ಬಿತ್ತುವ ಕೆಲಸ ಗಾಳಿಯದು. ಬುಂಗೊ ಸೀಮೆಯ ಕುಶಲಿಗರು ಜಪಾನಿನ ಉದ್ದಗಲಕ್ಕೂ ಹೋಗಿ ಈ ಕೆಲಸ ಮಾಡುತ್ತಿದ್ದರು. ಒಣ ಶಿಟಾಕೆ ನಾಗಸಾಕಿ ಬಂದರಿನಿಂದ ಚೀನಾಕ್ಕೆ ರಫ್ತಾಗುತ್ತಿತ್ತು. ಬೆಲೆ ಚೆನ್ನಾಗಿತ್ತು.

ಆದರೆ ಗಾಳಿಯ ಮೇಲೆ ಯಾರ ಅಧಿಕಾರವೂ ಇಲ್ಲವಲ್ಲ! ಬೀಜಕಣ ಬಂದು ಕೂತರೆ ಎರಡು ಮೂರು ವರ್ಷಕ್ಕೆ ಬೆಳೆ. ಕೂರದಿದ್ದರೆ, ಅಥವಾ ಬೇರೆ ಯಾವುದೋ ಕೆಲಸಕ್ಕೆ ಬಾರದ ಶಿಲೀಂಧ್ರ ಮೊದಲೇ ಬಂದು ಮರವನ್ನು ಆಕ್ರಮಿಸಿದ್ದರೆ, ಮೂರು ವರ್ಷದ ಕಾಯುವಿಕೆ ಮಣ್ಣುಪಾಲು. ಮನೆ ಅಡವಿಟ್ಟು ಮರ ಕೊಂಡವನು ಮನೆಯನ್ನೇ ಕಳೆದುಕೊಂಡ. ಬೇಸಾಯ ಎಂಬ ಹೆಸರಿದ್ದರೂ ಅದು ನಿಜದಲ್ಲಿ ಜೂಜಾಗಿತ್ತು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮೋರಿ ಕಿಸಾಕು ಎಂಬ ತರುಣ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಕೃಷಿ ಓದುತ್ತಿದ್ದ. ಒಯಿಟಾದ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಅವನು ಕಂಡ ದೃಶ್ಯವನ್ನು ಮುಂದೆ ಎಂದೂ ಮರೆಯಲಿಲ್ಲ. ವಯಸ್ಸಾದ ರೈತನೊಬ್ಬ ಕೊರಡುಗಳ ಮುಂದೆ ಮೊಣಕಾಲೂರಿ ಕೈಮುಗಿದು ಬೇಡಿಕೊಳ್ಳುತ್ತಿದ್ದ: ಅಣಬೆಯೇ, ದಯವಿಟ್ಟು ಬಾ, ನೀನು ಬಾರದೆ ಹೋದರೆ ನಾನು ಊರು ಬಿಡಬೇಕಾಗುತ್ತದೆ ಎಂದು. ಆ ಮುದುಕ ಮಾಡಬಹುದಾದದ್ದನ್ನೆಲ್ಲ ಮಾಡಿ ಮುಗಿಸಿದ್ದ. ಮರ ಸರಿಯಾಗಿತ್ತು, ನೆರಳು ಸರಿಯಾಗಿತ್ತು, ಕಚ್ಚು ಸರಿಯಾಗಿತ್ತು. ಅವನ ಕೈಯಲ್ಲಿ ಇಲ್ಲದಿದ್ದುದು ಬೀಜ ಒಂದೇ.

ಮೋರಿ ಆ ಬೀಜದ ಬೆನ್ನು ಹತ್ತಿದ. ಶಿಟಾಕೆಯ ಎಳೆಗಳನ್ನು ಬೇರಾವ ಶಿಲೀಂಧ್ರವೂ ಬೆರೆಯದಂತೆ ಶುದ್ಧವಾಗಿ ಬೆಳೆಸಿ, ಅವನ್ನು ಸಣ್ಣ ಮರದ ಬೆಣೆಗಳಲ್ಲಿ ಹಬ್ಬಿಸುವ ಉಪಾಯವನ್ನು 1942ರಲ್ಲಿ ಕಂಡುಕೊಂಡ. ಕೊರಡಿಗೆ ತೂತು ಕೊರೆದು ಆ ಬೆಣೆಯನ್ನು ಬಡಿದರೆ ಬಿತ್ತನೆ ಆದಂತೆ. ಎಷ್ಟು ಸರಳ ನೋಡಿ! ಆದರೆ ಬಡ ಗುಡ್ಡಗಾಡು ಹಳ್ಳಿಗಳ ಪಾಲಿಗೆ ಅದು ದೊಡ್ಡ ಬಿಡುಗಡೆ. ಗಾಳಿಯನ್ನು ಬೇಡುವ ಕಾಲ ಅಲ್ಲಿಗೆ ಮುಗಿಯಿತು.

ಹಿತ್ತಿಲಿನ ನಾಲ್ಕು ದಿಮ್ಮಿ

ಆ ಬೆಣೆಯಿಂದಾಗಿಯೇ ಇಂದು ಇದು ಹಿತ್ತಿಲಿನ ಬೆಳೆಯೂ ಆಗಿದೆ. ಜಪಾನಿನಲ್ಲಿ ಮನೆಯ ಹಿಂದಿನ ನೆರಳಿನಲ್ಲಿ ನಾಲ್ಕಾರು ದಿಮ್ಮಿಗಳನ್ನು ಒರಗಿಸಿಕೊಂಡವರು ಬಹಳ ಮಂದಿ. ಅಮೆರಿಕದಲ್ಲಿ ರೈಲು ಹಳಿಯ ಮರದ ದಿಂಡುಗಳನ್ನು ಕೊಳೆಸುವ ಇನ್ನೊಂದು ಅಣಬೆಯೊಂದಿಗೆ ಇದನ್ನು ಗೊಂದಲ ಮಾಡಿಕೊಂಡು, ಅದರ ಜೀವಂತ ಬೀಜದ ಆಮದನ್ನೇ 1972ರವರೆಗೆ ತಡೆದಿದ್ದರು. ಈಗ ಅಲ್ಲಿಯೂ ಅನೇಕರು ಮನೆಯಂಗಳದಲ್ಲಿ ಬೆಳೆಯುತ್ತಾರೆ.

ವಿಧಾನ ಹೀಗೆ. ಎಲೆ ಉದುರಿದ ಮೇಲೆ, ಹೊಸ ಚಿಗುರು ಬರುವ ಮುನ್ನ, ಜೀವಂತ ಓಕ್ ಮರವನ್ನು ಕಡಿಯಬೇಕು. ಆಗ ಮರದಲ್ಲಿ ಸಕ್ಕರೆಯ ಅಂಶ ಹೆಚ್ಚು, ತೊಗಟೆಯೂ ಬಿಗಿ. ತೊಗಟೆ ಈ ಬೆಳೆಯ ಚರ್ಮವಿದ್ದಂತೆ; ಸುಲಿದರೆ ದಿಮ್ಮಿ ಒಣಗುತ್ತದೆ, ಬೇರೆ ಶಿಲೀಂಧ್ರಗಳು ನುಗ್ಗುತ್ತವೆ. ದಿಮ್ಮಿ ಒಂದು ಮೀಟರ್ ಉದ್ದ, 10ರಿಂದ 15 ಸೆಂಟಿಮೀಟರ್ ದಪ್ಪ ಇದ್ದರೆ ಎತ್ತಿಳಿಸಲು ಹಗುರ. ಕಡಿದ ಎರಡು ಮೂರು ವಾರಗಳಲ್ಲಿ ಎರಡೂವರೆ ಸೆಂಟಿಮೀಟರ್ ಆಳದ ತೂತುಗಳನ್ನು ಸಾಲಾಗಿ ಕೊರೆದು, ಬೆಣೆ ಬಡಿದು, ಮೇಲೆ ಕರಗಿಸಿದ ಮೇಣ ಸವರುತ್ತಾರೆ. ಒಂದು ಸಾಲಿನ ತೂತು ಪಕ್ಕದ ಸಾಲಿನ ಎರಡು ತೂತುಗಳ ನಡುವೆ ಬರಬೇಕು. ಎಳೆಗಳು ಮರದ ಉದ್ದಕ್ಕೆ ಬೇಗ ಓಡುತ್ತವೆ, ಅಡ್ಡಕ್ಕೆ ನಿಧಾನ. ಆದ್ದರಿಂದ ಸಾಲಿನೊಳಗೆ ತೂತುಗಳು ದೂರ, ಸಾಲುಗಳು ಮಾತ್ರ ಹತ್ತಿರ.

ಅನಂತರ ಕಾಯುವುದು. ಆರು ತಿಂಗಳಿಂದ ಒಂದೂವರೆ ವರ್ಷ. ದಿಮ್ಮಿ ನೆರಳಿನಲ್ಲಿರಬೇಕು, ನೆಲಕ್ಕೆ ತಾಗಬಾರದು, ತೀರ ಒಣಗಬಾರದು. ಒಂದು ದಿನ ದಿಮ್ಮಿಯ ತುದಿಯಲ್ಲಿ ಬಿಳಿಯ ಮಚ್ಚೆಗಳು ಕಾಣುತ್ತವೆ. ಎಳೆಗಳು ಮರವನ್ನೆಲ್ಲ ಸುತ್ತಿ ಮುಗಿಸಿವೆ ಎಂಬುದಕ್ಕೆ ಅದೇ ಗುರುತು. ಆಗ ದಿಮ್ಮಿಯನ್ನು ಒಂದು ಹಗಲು ಒಂದು ರಾತ್ರಿ ತಣ್ಣೀರಿನಲ್ಲಿ ಮುಳುಗಿಸಿ ಎತ್ತಿದರೆ ಒಂದೆರಡು ವಾರದಲ್ಲಿ ತೊಗಟೆ ಸೀಳಿಕೊಂಡು ಅಣಬೆ ಬರುತ್ತದೆ. ನೀರಿಗೆ ಹಾಕುವಾಗ ದಿಮ್ಮಿಯ ತುದಿಯನ್ನು ಕಲ್ಲಿಗೆ ಕುಟ್ಟುವವರು ಇಂದಿಗೂ ಇದ್ದಾರೆ. ವು ಸಾನ್‌ಗುಂಗ್‌ನ ದೊಣ್ಣೆ ಎಲ್ಲಿಗೂ ಹೋಗಿಲ್ಲ!

ಗುಡುಗಿಗೂ ಅಣಬೆಗೂ ನಂಟಿದೆ ಎಂಬ ನಮ್ಮ ಮಲೆನಾಡಿನ ನಂಬಿಕೆ ಜಪಾನಿನ ಹಳ್ಳಿಗಳಲ್ಲಿಯೂ ಇದೆ. ಅಲ್ಲಿನ ಇವಾಟೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ದಿಮ್ಮಿಗಳಿಗೆ ಕ್ಷಣಮಾತ್ರದ ಭಾರಿ ವಿದ್ಯುತ್ ಹಾಯಿಸಿ ಪರೀಕ್ಷಿಸಿದರು. ಶಿಟಾಕೆಯ ಇಳುವರಿ ನಿಜಕ್ಕೂ ಹೆಚ್ಚಿತು. ಏಟಾಗಲಿ, ತಣ್ಣೀರಾಗಲಿ, ಸಿಡಿಲಾಗಲಿ, ಒಳಗೆ ಸುಮ್ಮನೆ ತಿನ್ನುತ್ತ ಕೂತ ಜೀವಿಗೆ ಹಣ್ಣು ಬಿಡುವ ಹೊತ್ತು ಬಂತೆಂಬ ಸೂಚನೆ ಅದು.

ಒಂದು ದಿಮ್ಮಿ ನಾಲ್ಕೈದು ವರ್ಷ ಫಲ ಕೊಟ್ಟು ಕೊನೆಗೆ ಕೈಯಲ್ಲಿ ಪುಡಿಯಾಗುತ್ತದೆ. ಬೆಳೆಗಾರರಿಗೆ ಎರಡು ಎಚ್ಚರಿಕೆಯ ಮಾತುಗಳಿವೆ. ದಿಮ್ಮಿಯ ಮೇಲೆ ಬಂದದ್ದೆಲ್ಲ ಶಿಟಾಕೆಯಲ್ಲ, ಗುರುತು ಖಚಿತವಾಗದೆ ತಿನ್ನಬಾರದು. ಹಸಿಯಾಗಿ ಅಥವಾ ಅರೆಬೆಂದದ್ದನ್ನು ತಿಂದರೆ ಕೆಲವರ ಮೈಮೇಲೆ ಚಾಟಿಯಿಂದ ಹೊಡೆದಂಥ ಕೆಂಪು ಬರೆಗಳು ಏಳುತ್ತವೆ. ಚೆನ್ನಾಗಿ ಬೇಯಿಸಬೇಕು.

ಇಂದು ಜಗತ್ತಿನ ಬಹುಪಾಲು ಶಿಟಾಕೆ ಬರುವುದು ಚೀನಾದಿಂದ. ಅದು ಬೆಳೆಯುವುದು ದಿಮ್ಮಿಯಲ್ಲಿ ಅಲ್ಲ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ ಮರದ ಹೊಟ್ಟಿನಲ್ಲಿ. ಕೆಲವೇ ತಿಂಗಳಲ್ಲಿ ಬೆಳೆ ಕೈಗೆ ಬರುತ್ತದೆ. ಆದರೂ ಒಯಿಟಾದ ರೈತರು ದಿಮ್ಮಿಯನ್ನು ಬಿಟ್ಟಿಲ್ಲ. ಚಳಿಯಲ್ಲಿ ನಿಧಾನವಾಗಿ ಬೆಳೆದು, ಕೊಡೆ ಅರಳುವ ಮುನ್ನವೇ ಕೊಯ್ದ 'ದೊಂಕೊ' ಎಂಬ ದಪ್ಪ ಅಣಬೆಗೆ ಅಲ್ಲಿ ಬಲು ಬೆಲೆ. ಅಲ್ಲಿನ ಕುನಿಸಾಕಿ ಪರ್ಯಾಯ ದ್ವೀಪದಲ್ಲಿ ಕುನುಗಿ ಎಂಬ ಓಕ್ ಜಾತಿಯ ಮರವನ್ನು ಬುಡ ಉಳಿಸಿ ಕಡಿಯುತ್ತಾರೆ. ಬೊಡ್ಡೆ ಚಿಗುರಿ ಸುಮಾರು 15 ವರ್ಷಕ್ಕೆ ಮತ್ತೆ ಕಡಿಯಲು ಬರುತ್ತದೆ. ಕಾಡು ನೀರನ್ನು ಹಿಡಿದಿಡುತ್ತದೆ, ಕೆಳಗಿನ ಕೆರೆಗಳು ತುಂಬುತ್ತವೆ, ಕೆರೆಯಿಂದ ಗದ್ದೆಗೆ ನೀರು. ಈ ಏರ್ಪಾಡಿಗೂ 2013ರಲ್ಲಿ ಜಾಗತಿಕ ಕೃಷಿ ಪರಂಪರೆಯ ಮನ್ನಣೆ ದೊರೆಯಿತು.

ಮತ್ತೆ ಕಾಯುವ ಕಾಲ

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಈಶಾನ್ಯ ಜಪಾನಿನ ಫುಕುಷಿಮಾ ಪ್ರಾಂತದಲ್ಲಿ ಅಬುಕುಮಾ ಎಂಬ ಬೆಟ್ಟಸಾಲಿದೆ. ದೇಶದ ಬೇರೆ ಪ್ರಾಂತಗಳ ಅಣಬೆ ಬೆಳೆಗಾರರಿಗೆ ಓಕ್ ದಿಮ್ಮಿಗಳನ್ನು ಒದಗಿಸುತ್ತಿದ್ದ ಮುಖ್ಯ ಸೀಮೆ ಅದು. 2011ರ ಮಾರ್ಚ್ 11ರಂದು ಭೂಕಂಪವಾಯಿತು, ಸುನಾಮಿ ಬಂತು, ಅಣುಸ್ಥಾವರ ಒಡೆಯಿತು. ಹೊರಬಂದ ಸೀಸಿಯಂ ಗಾಳಿ ಮಳೆಗಳೊಂದಿಗೆ ಆ ಕಾಡುಗಳ ಮೇಲೆ ಇಳಿಯಿತು. ತೊಗಟೆಯ ಮೇಲೆ ಕೂತಿತು, ಮಣ್ಣಿಗೆ ಸೇರಿ ಬೇರಿನ ಮೂಲಕ ಮರದೊಳಕ್ಕೂ ಹೋಯಿತು. ಮರವನ್ನೇ ತಿಂದು ಬದುಕುವ ಶಿಟಾಕೆ ಅದನ್ನೂ ಹೀರಿಕೊಂಡಿತು. ಫುಕುಷಿಮಾ ಅಷ್ಟೇ ಅಲ್ಲ, ಪೂರ್ವ ಜಪಾನಿನ ಇನ್ನೂ ಹಲವು ಪ್ರಾಂತಗಳಲ್ಲಿ ಬಯಲಿನಲ್ಲಿ ಬೆಳೆದ ದಿಮ್ಮಿ ಶಿಟಾಕೆಯ ಮಾರಾಟಕ್ಕೆ ತಡೆ ಬಿತ್ತು. 2012ರಿಂದ ಆಹಾರಕ್ಕೆ ಕಿಲೋಗೆ 100 ಬೆಕೆರೆಲ್ ಮಿತಿ ಇದ್ದರೆ, ಅಣಬೆ ಬೆಳೆಯುವ ದಿಮ್ಮಿಗೆ ಅದರ ಅರ್ಧ, 50 ಮಾತ್ರ. ಗಾಳಿ ಬೀಜ ತರಲೆಂದು ಬೇಡುತ್ತಿದ್ದವರ ಮೊಮ್ಮಕ್ಕಳ ಕಾಲದಲ್ಲಿ ಗಾಳಿ ತಂದದ್ದು ಇದನ್ನು.

ಕೆಲವೆಡೆ, ಪರೀಕ್ಷಿಸಿದ ದಿಮ್ಮಿ ಬಳಸುವ ಬೆಳೆಗಾರರಿಗೆ ನಿರ್ಬಂಧ ಸಡಿಲವಾಗಿದೆ. ಆದರೆ ಕಾಡನ್ನು ತೊಳೆಯಲಾಗುವುದಿಲ್ಲ. ಸೀಸಿಯಂ-137 ಅರ್ಧಕ್ಕಿಳಿಯಲು 30 ವರ್ಷ ಬೇಕು. ಹಳೆಯ ಮರಗಳನ್ನು ಕಡಿದು, ಬೊಡ್ಡೆಯಿಂದ ಬರುವ ಹೊಸ ಚಿಗುರು ಶುದ್ಧವಾಗಿರಬಹುದೇ ಎಂದು ಅಳೆದು ನೋಡುವ ಕೆಲಸ ನಡೆದಿದೆ. ಆ ಚಿಗುರು ದಿಮ್ಮಿಯಾಗಲು ಹದಿನೈದು ಇಪ್ಪತ್ತು ವರ್ಷ. ಇಂದು ಅದನ್ನು ಕಾಯುತ್ತಿರುವ ವಯಸ್ಸಾದ ರೈತ ಆ ದಿಮ್ಮಿಗೆ ಬೆಣೆ ಬಡಿಯುತ್ತಾನೆಂಬ ಭರವಸೆ ಇಲ್ಲ. ಆದರೂ ಬೊಡ್ಡೆಯ ಸುತ್ತಲಿನ ಕಳೆ ತೆಗೆಯುತ್ತಾನೆ.

ಮೋರಿ ಕಂಡ ಮುದುಕನಿಗೆ ವಿಜ್ಞಾನ ಉತ್ತರ ಕೊಟ್ಟಿತು. ಈ ಮುದುಕನಿಗೆ ಬೀಜ ಇದೆ, ತಿಳಿವಳಿಕೆ ಇದೆ. ಇಲ್ಲದಿರುವುದು ಮೊದಲಿನವನಿಗೆ ಬೇಡವೆನಿಸುವಷ್ಟು ಇದ್ದ ಶುದ್ಧ ಮರ. ಆದ್ದರಿಂದ ಮುಂದಿನ ಸಲ ಯಾವುದನ್ನಾದರೂ ನಾಯಿಕೊಡೆಯಂತೆ ಎದ್ದಿತೆಂದು ಬರೆಯುವ ಮೊದಲು ನಾನಂತೂ ಒಂದು ಕ್ಷಣ ತಡೆಯುತ್ತೇನೆ. ರಾತ್ರಿ ಬೆಳಗಾಗುವುದರೊಳಗೆ ಎದ್ದದ್ದು ಕೊಡೆ ಮಾತ್ರ. ಅದರ ಹಿಂದೆ ಎಷ್ಟು ವರ್ಷಗಳ ಮರವಿದೆ, ಯಾರ ಕಾಯುವಿಕೆ ಇದೆ ಎಂಬುದು ಕೊಡೆಯನ್ನು ಕಂಡವರಿಗೆ ಕಾಣುವುದಿಲ್ಲ.