ಎಬಿಸಿ ಎಬಿಡಿ ಆದರೆ, ಎಕ್ಸ್‌ವೈಝಡ್ ಏನಾಗಬೇಕು?

ಕೈಗೆಟುಕುವಲ್ಲಿ ಕಾಗದ, ಪೆನ್ನು ಇದ್ದರೆ ತೆಗೆದುಕೊಳ್ಳಿ. ಎ, ಬಿ, ಸಿ ಎಂದು ಮೂರು ಇಂಗ್ಲಿಷ್ ಅಕ್ಷರ ಬರೆಯಿರಿ. ಯಾರೋ ಬಂದು ಅದನ್ನು ಎ, ಬಿ, ಡಿ ಮಾಡಿದರು. ಈಗ ನಿಮ್ಮ ಮುಂದೆ ಐ, ಜೆ, ಕೆ ಇಟ್ಟು, ‘ನೀವೂ ಹಾಗೇ ಮಾಡಿ’ ಅಂದರೆ ಏನು ಮಾಡುತ್ತೀರಿ?

ಐ, ಜೆ, ಎಲ್ ಅಂದಿರಿ, ಅಲ್ಲವೇ? ಹೆಚ್ಚುಕಮ್ಮಿ ಎಲ್ಲರೂ ಹಾಗೇ ಅನ್ನುತ್ತಾರೆ. ಆದರೆ ‘ಅವರು ಕೊನೆಯ ಅಕ್ಷರ ತೆಗೆದು ಡಿ ಹಾಕಿದರು, ನಾನೂ ಡಿ ಹಾಕಿದೆ’ ಎಂದು ಐ, ಜೆ, ಡಿ ಬರೆದವರನ್ನು ಯಾವ ಕಾನೂನಿನ ಪ್ರಕಾರ ತಪ್ಪು ಅನ್ನುತ್ತೀರಿ? ‘ಸಿ ಇದ್ದ ಕಡೆ ಡಿ ಮಾಡಬೇಕು, ಇಲ್ಲಿ ಸಿ ಇಲ್ಲವೇ ಇಲ್ಲ, ಹಾಗಾಗಿ ಇದ್ದ ಹಾಗೇ ಬಿಟ್ಟೆ’ ಅಂದವರ ತರ್ಕದಲ್ಲೂ ಲೋಪವಿಲ್ಲ. ಆದರೂ ಎರಡೂ ಪೆದ್ದುತನ ಅನ್ನಿಸುತ್ತದೆ. ಹಾಗೆ ಅನ್ನಿಸುವುದು ಯಾಕೆ ಎಂಬುದನ್ನು ಕಂಪ್ಯೂಟರಿನಲ್ಲಿ ಕಟ್ಟಿ ನೋಡಲು ಹೊರಟವರ ವಿಚಾರ ಇವತ್ತಿನ ಮಾತು.

ಅವರಲ್ಲಿ ಮೊದಲಿಗರು ಡಗ್ಲಸ್ ಹಾಫ್‌ಸ್ಟಾಟರ್. 1979ರಲ್ಲಿ ಬಂದ ‘ಗೋಡೆಲ್, ಎಶರ್, ಬಾಖ್’ ಪುಸ್ತಕಕ್ಕೆ ಮರುವರ್ಷ ಪುಲಿಟ್ಜರ್ ಬಹುಮಾನ ಪಡೆದ ಅಮೆರಿಕನ್ ವಿದ್ವಾಂಸ. ಬುದ್ಧಿವಂತಿಕೆಯ ತಿರುಳು ತರ್ಕದಲ್ಲಿಲ್ಲ, ಒಂದರಲ್ಲಿ ಇನ್ನೊಂದನ್ನು ಕಾಣುವುದರಲ್ಲಿದೆ ಎಂಬುದು ಅವರ ಹಟ. 1984ರಲ್ಲಿ ಎಂಐಟಿಯಿಂದ ಹೊರಟ ಒಂದು ಟಿಪ್ಪಣಿಯಲ್ಲಿ ‘ಕಾಪಿಕ್ಯಾಟ್’ ಎಂಬ ಪ್ರೋಗ್ರಾಮಿನ ನೀಲನಕ್ಷೆ ಹಾಕಿದರು. ಅದನ್ನು ನಿಜಕ್ಕೂ ಓಡುವ ಹಾಗೆ ಕಟ್ಟಿದ್ದು ಅವರ ವಿದ್ಯಾರ್ಥಿನಿ ಮೆಲನಿ ಮಿಚೆಲ್. ನ್ಯೂಯಾರ್ಕಿನಲ್ಲಿ ಶಾಲಾ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ ಈಕೆ ಆ ಪುಸ್ತಕ ಓದಿ, ಕೆಲಸ ಮಾಡಿದರೆ ಇವರ ಹತ್ತಿರವೇ ಎಂದು ಹೊರಟವರು. ಎಷ್ಟು ಸಲ ಫೋನ್ ಮಾಡಿದರೂ ಎತ್ತುವವರಿಲ್ಲ. ಹಗಲು ಸಿಗದ ಮನುಷ್ಯ ರಾತ್ರಿ ಸಿಗಬಹುದೇನೋ ಎಂದು ಹನ್ನೊಂದು ಗಂಟೆಗೆ ಮಾಡಿದರು, ಹಾಫ್‌ಸ್ಟಾಟರ್ ಎತ್ತಿದರು! 1990ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮಿಚೆಲ್ ಅವರ ಪಿಎಚ್‌ಡಿ ಮುಗಿಯುವ ಹೊತ್ತಿಗೆ ಕಾಪಿಕ್ಯಾಟ್ ಸಿದ್ಧವಾಗಿತ್ತು.

ಅದರ ಒಳಗೇನಿದೆ? ಎಲ್ಲವನ್ನೂ ಆಳುವ ಒಬ್ಬ ಯಜಮಾನ ಇಲ್ಲ. ಕೋಡ್‌ಲೆಟ್ ಎಂಬ ನೂರಾರು ಪುಟಾಣಿ ತುಣುಕುಗಳಿವೆ. ಒಂದು ತುಣುಕು ಬಂದು ‘ಇಲ್ಲಿ ಎರಡು ಅಕ್ಷರ ಒಂದೇ ಥರ ಇವೆ’ ಎನ್ನುತ್ತದೆ, ಇನ್ನೊಂದು ‘ಇದರ ಮುಂದಿನ ಅಕ್ಷರ ಅದು’ ಎನ್ನುತ್ತದೆ, ಮತ್ತೊಂದು ಆಗಲೇ ಕಟ್ಟಿದ ಗುಂಪನ್ನು ಒಡೆದುಹಾಕುತ್ತದೆ. ಯಾವುದಕ್ಕೆ ಸರದಿ ಎಂಬುದು ಚೀಟಿ ಎತ್ತಿದ ಹಾಗೆ. ಆದರೆ ಭರವಸೆ ಹುಟ್ಟಿಸಿದ ತುಣುಕಿನ ಹೆಸರಲ್ಲಿ ಚೀಟಿಗಳು ಜಾಸ್ತಿ. ಮಗಳಿಗೆ ಗಂಡು ಹುಡುಕುವ ಮನೆಯವರು ಬಂದ ಜಾತಕಗಳ ಮೇಲೆಲ್ಲ ಕಣ್ಣಾಡಿಸಿ, ನಾಲ್ಕಾರು ಕಡೆ ವಿಚಾರಿಸಿ, ಒಂದೆರಡು ಮನೆಗಷ್ಟೇ ಹೋಗಿ ಬರುತ್ತಾರಲ್ಲ, ಹುಡುಕಾಟದ ರೀತಿ ಅದೇ. ಎಲ್ಲ ದಾರಿಯನ್ನೂ ಕೊನೆತನಕ ನಡೆಯಲು ಪುರುಸೊತ್ತಿಲ್ಲ, ಯಾವುದನ್ನೂ ಒಂದು ಸಲವಾದರೂ ಇಣುಕಿ ನೋಡದೆ ಬಿಡುವಂತಿಲ್ಲ.

ಹಿನ್ನೆಲೆಯಲ್ಲಿ ‘ಸ್ಲಿಪ್‌ನೆಟ್’ ಎಂಬ ಪರಿಕಲ್ಪನೆಗಳ ಜಾಲವಿದೆ. ಎಡ, ಬಲ, ಮೊದಲು, ಕೊನೆ, ಮುಂದಿನದು, ಹಿಂದಿನದು, ಇವೆಲ್ಲ ಅಲ್ಲಿ ಗಂಟುಗಳು. ಕಣ್ಣೆದುರಿನ ಅಕ್ಷರಗಳಲ್ಲಿ ಏನು ಕಂಡಿತೋ ಅದಕ್ಕೆ ತಕ್ಕಂತೆ ಕೆಲವು ಗಂಟುಗಳು ಚುರುಕಾಗುತ್ತವೆ. ಚುರುಕಾದ ಗಂಟಿಗೆ ತಕ್ಕ ತುಣುಕುಗಳು ಮತ್ತೆ ಅಕ್ಷರಗಳ ಮೇಲೆ ಹುಡುಕಾಟಕ್ಕೆ ಬರುತ್ತವೆ. ಇದರ ಜೊತೆಗೆ 0ಯಿಂದ 100ರವರೆಗೆ ಏರಿಳಿಯುವ ‘ತಾಪಮಾನ’ವೂ ಇದೆ. ಏನೂ ಹೊಂದಿಕೆಯಾಗದಿದ್ದಾಗ ತಾಪ ಹೆಚ್ಚು, ಪ್ರೋಗ್ರಾಮು ಮನಸ್ಸಿಗೆ ಬಂದಂತೆ ಅಲೆಯುತ್ತದೆ. ಚಿತ್ರ ಕೂಡಿಬಂದಂತೆ ತಾಪ ಇಳಿದು, ಹೆಜ್ಜೆ ಬಿಗಿಯಾಗುತ್ತದೆ. ಉತ್ತರ ಕೊಟ್ಟಾಗ ಇದ್ದ ತಾಪವೇ ಆ ಉತ್ತರದ ಬಗ್ಗೆ ಅದಕ್ಕಿರುವ ಸಮಾಧಾನದ ಅಳತೆ.

ಈಗ ಕಾಗದದ ಮೇಲೆ ಎಕ್ಸ್, ವೈ, ಝಡ್ ಬರೆಯಿರಿ. ಎಬಿಸಿ ಎಬಿಡಿ ಆದ ಹಾಗೆ ಇದೇನಾಗಬೇಕು?

ಝಡ್ ಆದಮೇಲೆ ಅಕ್ಷರವೇ ಇಲ್ಲ. ಸುತ್ತು ಹಾಕಿ ಎಗೆ ಹೋಗೋಣವೆಂದರೆ ಆ ಬಾಗಿಲನ್ನು ಕಾಪಿಕ್ಯಾಟಿಗೆ ಬೇಕೆಂದೇ ಮುಚ್ಚಿದ್ದಾರೆ, ಗೋಡೆಗೆ ಹಣೆ ಬಡಿದುಕೊಂಡಮೇಲೆ ಏನು ಮಾಡುತ್ತದೆ ನೋಡೋಣ ಎಂದು. ಬಡಿದುಕೊಂಡ ತಕ್ಷಣ ತಾಪಮಾನ ಏರುತ್ತದೆ, ಕಟ್ಟಿದ್ದೆಲ್ಲ ಸಡಿಲವಾಗುತ್ತದೆ. ಝಡ್ ಮೇಲೆ ಗಮನ ನಿಲ್ಲುತ್ತದೆ. ಝಡ್ ಎಂದರೆ ವರ್ಣಮಾಲೆಯ ಕೊನೆ. ಕೊನೆ ಎಂಬ ಗಂಟು ಚುರುಕಾದರೆ ಅದರ ಪಕ್ಕದ ‘ಮೊದಲು’ ಎಂಬುದಕ್ಕೂ ಬಿಸಿ ತಟ್ಟುತ್ತದೆ. ಹೌದಲ್ಲ, ಆ ಕಡೆ ಎಬಿಸಿಯಲ್ಲಿ ಮೊದಲ ಅಕ್ಷರ ಎ ಇದೆ! ಅದು ಎಡತುದಿಯಲ್ಲಿ, ಇದು ಬಲತುದಿಯಲ್ಲಿ. ಎಗೆ ಝಡ್ ಜೋಡಿ ಎಂದುಕೊಂಡರೆ ಮಿಕ್ಕದ್ದೂ ಕನ್ನಡಿಯಲ್ಲಿ ನೋಡಿದಂತೆ ಮಗುಚಿಕೊಳ್ಳುತ್ತದೆ. ಬಲ ಇದ್ದದ್ದು ಎಡ ಆಗುತ್ತದೆ, ಮುಂದಿನ ಅಕ್ಷರ ಹಿಂದಿನ ಅಕ್ಷರ ಆಗುತ್ತದೆ. ಬಲತುದಿಯನ್ನು ಒಂದು ಮುಂದೆ ಸರಿಸುವ ಬದಲು ಎಡತುದಿಯನ್ನು ಒಂದು ಹಿಂದೆ ಸರಿಸಬೇಕು. ಎಕ್ಸ್ ಹೋಗಿ ಡಬ್ಲ್ಯೂ ಬರುತ್ತದೆ. ಉತ್ತರ: ಡಬ್ಲ್ಯೂ, ವೈ, ಝಡ್.

ನನ್ನ ಮಟ್ಟಿಗೆ ಇದು ಕೃತಕ ಬುದ್ಧಿಮತ್ತೆಯ ಚರಿತ್ರೆಯ ಅತಿ ಸೊಗಸಾದ ಕ್ಷಣಗಳಲ್ಲೊಂದು. ಅದೇ ಪ್ರಶ್ನೆಯನ್ನು ಮಿಚೆಲ್ 1000 ಸಲ ಓಡಿಸಿದಾಗ ಹೆಚ್ಚು ಸಲ ಬಂದದ್ದು ಎಕ್ಸ್, ವೈ, ಡಿ ಎಂಬ ಸಪ್ಪೆ ಉತ್ತರವೇ. ಕನ್ನಡಿಯ ಉತ್ತರ ಅಪರೂಪಕ್ಕೆ ಬಂತು. ಬಂದಾಗ ಮಾತ್ರ ತಾಪಮಾನ ಸಪ್ಪೆ ಉತ್ತರದ್ದಕ್ಕಿಂತ ಕೆಳಗಿತ್ತು. ಹೊಳೆಯುವುದು ಕಷ್ಟ, ಹೊಳೆದರೆ ಒಪ್ಪಿಗೆಯಾಗುತ್ತದೆ. ನಮ್ಮ ಪಾಡೂ ಬೇರೆಯಲ್ಲ.

ಇಷ್ಟರಲ್ಲಿ ಒಂದು ವಿಷಯ ನಿಮ್ಮ ಗಮನಕ್ಕೆ ಬಂದಿರಬಹುದು. ಹೋಲಿಕೆ ಮಾಡುವ ಮೊದಲು ಎಕ್ಸ್‌ವೈಝಡ್ ಎಡದಿಂದ ಬಲಕ್ಕೆ ಓಡುವ ಸಾಲಾಗಿತ್ತು. ಹೋಲಿಕೆ ಹತ್ತಿದಮೇಲೆ ಅದೇ ಸಾಲು ಬಲದಿಂದ ಎಡಕ್ಕೆ ಇಳಿಯುವಂತೆ ಕಂಡಿತು. ಮೊದಲು ಕಣ್ಣು ನೋಡಿ ಮುಗಿಸಿ, ಆಮೇಲೆ ಬುದ್ಧಿ ಹೋಲಿಸಿತು ಎಂಬ ಹಾಗಿಲ್ಲ. ನೋಡುವಾಗಲೇ ಹೋಲಿಕೆ, ಹೋಲಿಸುವಾಗಲೇ ನೋಟದ ತಿದ್ದುಪಡಿ. ಮಿಚೆಲ್ 1993ರ ತಮ್ಮ ಪುಸ್ತಕದ ಹೆಸರಿನಲ್ಲೇ ಹೋಲಿಕೆಯನ್ನು ಗ್ರಹಿಕೆ ಎಂದು ಕರೆದದ್ದು ಇದಕ್ಕಾಗಿ.

ಈ ವಿನ್ಯಾಸಕ್ಕೆ ಪ್ರೇರಣೆ ಕೊಟ್ಟದ್ದು ಮಾತು ಕೇಳಿಸಿಕೊಳ್ಳುವ ಒಂದು ಪ್ರೋಗ್ರಾಮು. 1970ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ, ಆಂಧ್ರದ ಕಾಟೂರಿನಲ್ಲಿ ಹುಟ್ಟಿದ ರಾಜ್ ರೆಡ್ಡಿಯವರ ಬಳಗ ಕಟ್ಟಿದ ‘ಹಿಯರ್ಸೇ-2’. ರೇಡಿಯೋ ಗೊರಗೊರ ಅನ್ನುತ್ತಿರುವಾಗಲೂ ನೀವು ವಾರ್ತೆ ಕೇಳುತ್ತೀರಿ. ‘ಕಾವೇರಿ ಜಲಾನಯನ ಪ್ರದೇಶದಲ್ಲಿ ಭಾರೀ’ ಎಂಬಷ್ಟು ಕಿವಿಗೆ ಬಿದ್ದು ಮುಂದಿನ ಶಬ್ದ ಅಳಿಸಿಹೋದರೂ ‘ಮಳೆ’ ಎಂಬುದು ಕೇಳಿಸಿಯೇ ಬಿಡುತ್ತದೆ. ಕಿವಿಯಿಂದ ಮೇಲಕ್ಕೆ ಸದ್ದು ಹೋಗುತ್ತದೆ, ಮನಸ್ಸಿನಿಂದ ಕೆಳಕ್ಕೆ ನಿರೀಕ್ಷೆ ಬರುತ್ತದೆ, ಎರಡೂ ನಡುದಾರಿಯಲ್ಲಿ ಭೇಟಿಯಾಗುತ್ತವೆ. ಹಿಯರ್ಸೇ ಕೆಲಸ ಮಾಡುತ್ತಿದ್ದದ್ದು ಹೀಗೆ.

ನೋಡುವುದು, ಹೋಲಿಸುವುದು ಬೇರೆ ಬೇರೆಯಲ್ಲ ಎಂಬ ಈ ನಿಲುವಿನಿಂದಲೇ ಬೇರೆ ಮಾದರಿಗಳ ಜೊತೆ ಜಗಳ ಹುಟ್ಟಿತು. ಡೆಡ್ರೆ ಗೆಂಟ್ನರ್ 1983ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು: ಒಳ್ಳೆಯ ಸಾದೃಶ್ಯ ಹೊಂದಿಸುವುದು ಗುಣಗಳನ್ನಲ್ಲ, ಸಂಬಂಧಗಳನ್ನು. ಪರಮಾಣು ಸೌರವ್ಯೂಹದಂತೆ ಎಂದಾಗ ಸೂರ್ಯನ ಹಳದಿ ಬಣ್ಣ ಲೆಕ್ಕಕ್ಕಿಲ್ಲ, ಸುತ್ತುವಿಕೆ ಲೆಕ್ಕಕ್ಕಿದೆ. ಈ ಸಿದ್ಧಾಂತದ ಮೇಲೆ ಕಟ್ಟಿದ ಪ್ರೋಗ್ರಾಮು ಸೌರವ್ಯೂಹ, ಪರಮಾಣು ಎರಡನ್ನೂ ಚೆನ್ನಾಗಿಯೇ ಹೊಂದಿಸಿತು. 1992ರಲ್ಲಿ ಡೇವಿಡ್ ಚಾಮರ್ಸ್, ರಾಬರ್ಟ್ ಫ್ರೆಂಚ್ ಮತ್ತು ಹಾಫ್‌ಸ್ಟಾಟರ್ ಕೇಳಿದರು: ‘ಸೂರ್ಯ ಗ್ರಹವನ್ನು ಸೆಳೆಯುತ್ತದೆ, ಗ್ರಹ ಸೂರ್ಯನನ್ನು ಸುತ್ತುತ್ತದೆ’ ಎಂದು ಬೇಕಾದಷ್ಟನ್ನೇ ಆರಿಸಿ, ಬೇಡದ್ದನ್ನು ಬಿಟ್ಟು ಬರೆದುಕೊಟ್ಟವರು ಯಾರು? ಕಷ್ಟದ ಕೆಲಸವನ್ನೆಲ್ಲ ಮನುಷ್ಯರೇ ಮುಗಿಸಿಕೊಟ್ಟಮೇಲೆ ಯಂತ್ರಕ್ಕೆ ಉಳಿದದ್ದು ಜೋಡಿಸುವುದಷ್ಟೇ. ಗೆಂಟ್ನರ್ ಬಳಗ 1998ರಲ್ಲಿ ಖಾರವಾಗಿಯೇ ಉತ್ತರಿಸಿತು. ಅಕ್ಷರಗಳ ಪುಟ್ಟ ಲೋಕ ಬಿಟ್ಟು ಕಾಪಿಕ್ಯಾಟ್ ಹೊರಗೆ ಬಂದೇ ಇಲ್ಲ ಎಂಬುದು ಅವರ ಮರುಪೆಟ್ಟು. ಆಕ್ಷೇಪದಲ್ಲಿ ಹುರುಳಿದೆ. ಆದರೂ ಮೊದಲಿನ ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲ ಎಂದೇ ನನಗನ್ನಿಸುತ್ತದೆ.

ಈ ಅಕ್ಷರದಾಟ ಇತ್ತೀಚೆಗೆ ಮತ್ತೆ ಮುನ್ನೆಲೆಗೆ ಬಂದಿದೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಟೇಲರ್ ವೆಬ್ ಮತ್ತು ಸಂಗಡಿಗರು ಜಿಪಿಟಿ-3 ಎಂಬ ಭಾಷಾ ಮಾದರಿಗೆ ಇಂಥವೇ ಪ್ರಶ್ನೆ ಕೊಟ್ಟರು. ಅದು ಕಾಲೇಜು ವಿದ್ಯಾರ್ಥಿಗಳನ್ನು ಸರಿಗಟ್ಟಿತು, ಕೆಲವು ಕಡೆ ಮೀರಿಸಿತು. ಮರುವರ್ಷ ಮಾರ್ಥಾ ಲೂಯಿಸ್ ಮತ್ತು ಮಿಚೆಲ್ ವರ್ಣಮಾಲೆಯನ್ನೇ ಕಲಸಿ, ಹೊಸ ಸರಣಿಯನ್ನು ಪ್ರಶ್ನೆಯ ಜೊತೆಗೇ ಬರೆದುಕೊಟ್ಟು ಕೇಳಿದರು. ಮನುಷ್ಯರು ಹೆಚ್ಚೇನೂ ತಡವರಿಸಲಿಲ್ಲ, ಜಿಪಿಟಿ ಮಾದರಿಗಳ ಅಂಕ ಇಳಿಯಿತು. ಅದು ಎಣಿಕೆಯ ತೊಡಕು, ಹೋಲಿಕೆಯದಲ್ಲ ಎಂದು ವೆಬ್ ಬಳಗ ವಾದಿಸಿದೆ. ವ್ಯಾಜ್ಯ ನಡೆಯುತ್ತಿದೆ.

ಕಾಪಿಕ್ಯಾಟಿನ ಬಡತನವನ್ನೂ ಹೇಳಿಬಿಡಬೇಕು. ಕಾಗದದ ಮೇಲೆ ಇನ್ನೊಂದು ಸಾಲು ಬರೆಯಿರಿ: ಎ, ಸಿ, ಇ. ಎಬಿಸಿ ಎಬಿಡಿ ಆದರೆ ಇದೇನಾಗಬೇಕು? ಎ, ಸಿ, ಎಫ್ ಎನ್ನಬಹುದು. ‘ಇಲ್ಲಿ ಒಂದೊಂದು ಅಕ್ಷರ ಬಿಟ್ಟು ಹೆಜ್ಜೆ ಇಟ್ಟಿದ್ದಾರೆ’ ಎಂದು ಗುರುತಿಸಿದವರು ಎ, ಸಿ, ಜಿ ಎನ್ನುತ್ತಾರೆ. ಒಂದು ಬಿಟ್ಟು ಒಂದು ಎಂಬ ಕಲ್ಪನೆಯನ್ನು ನೀವು ಆ ಗಳಿಗೆಯಲ್ಲೇ ಹುಟ್ಟಿಸಿಕೊಂಡಿರಿ. ಕಾಪಿಕ್ಯಾಟಿನ ಜಾಲದಲ್ಲಿ ಸುಮಾರು 60 ಗಂಟುಗಳಿವೆ, ಎಲ್ಲವನ್ನೂ ಹಾಕಿದವರು ಅದನ್ನು ಕಟ್ಟಿದವರೇ. ಪಕ್ಕದ ಅಕ್ಷರ ಅದಕ್ಕೆ ಗೊತ್ತು, ಪಕ್ಕದ್ದರ ಪಕ್ಕದ್ದು ಗೊತ್ತಿಲ್ಲ. ಇರುವ ಗಂಟುಗಳ ನಡುವೆ ಎಷ್ಟು ಚೆನ್ನಾಗಿ ಜಾರಿ ಓಡಾಡಿದರೂ ಅರುವತ್ತೊಂದನೆಯದನ್ನು ಅದು ತಾನಾಗಿ ಹಾಕಿಕೊಳ್ಳಲಾರದು.