ಹಸಿದ ಕುದುರೆಗೆ ಮೊದಲ ತುತ್ತು



ನೀಲಗಿರಿಯ ಉದಕಮಂಡಲದಲ್ಲಿ ಪ್ರವಾಸಿಗರನ್ನು ಹೊತ್ತು ನಡೆಯುವ ಕುದುರೆಗಳನ್ನು ಹಲವರು ಕಂಡಿರುತ್ತಾರೆ. ಅದೇ ಊರಿನ ಬೀದಿಗಳಲ್ಲಿ ಕಸದ ರಾಶಿಗೆ ಮೂತಿಯಿಟ್ಟು ನಿಂತ ಕುದುರೆಗಳೂ ಕಣ್ಣಿಗೆ ಬಿದ್ದಿರುತ್ತವೆ. ಕಾಲು ಕುಂಟಾದಾಗ, ವಯಸ್ಸಾದಾಗ, ದುಡಿಮೆಯಿಲ್ಲದ ದಿನಗಳಲ್ಲಿ ಮೇವಿನ ಖರ್ಚು ಹೊರೆಯಾದಾಗ, ಸವಾರಿಯ ಕುದುರೆ ಬೀದಿಯ ಕುದುರೆಯಾಗುತ್ತದೆ. ಕಸದೊಡನೆ ಹೊಟ್ಟೆ ಸೇರಿದ ಪ್ಲಾಸ್ಟಿಕ್ಕು ಕರುಳನ್ನು ಕಟ್ಟುತ್ತದೆ. ವಾಂತಿ ಮಾಡಲಾರದ ಈ ಪ್ರಾಣಿಗೆ ಅದನ್ನು ಹೊರಹಾಕುವ ದಾರಿಯಿಲ್ಲ.

ಇಂತಹ ಕುದುರೆಯನ್ನು ಕಂಡವರಲ್ಲಿ ಕರುಣೆ ಹುಟ್ಟುವುದು ಸಹಜ. ಆದರೆ ಅವಸರದ ಕರುಣೆಯೇ ಅದರ ಪ್ರಾಣಕ್ಕೆ ಎರವಾಗಬಹುದು. ಬಹುಕಾಲ ಉಪವಾಸವಿದ್ದ ಕುದುರೆಗೆ ಬುಟ್ಟಿ ತುಂಬ ಹುರುಳಿಯನ್ನೋ ಬೂಸಾವನ್ನೋ ಇಟ್ಟರೆ, ರಕ್ತದಲ್ಲಿ ಇನ್ಸುಲಿನ್ ಒಮ್ಮೆಗೇ ಏರುತ್ತದೆ. ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ರಕ್ತವನ್ನು ಬಿಟ್ಟು ಜೀವಕೋಶಗಳನ್ನು ಸೇರುತ್ತವೆ. ಹೃದಯ ಸೋಲುತ್ತದೆ, ತಿನ್ನಲಾರಂಭಿಸಿದ ಕೆಲವೇ ದಿನಗಳಲ್ಲಿ ಕುದುರೆ ಕುಸಿಯುತ್ತದೆ. ಹಸಿವಿನಿಂದ ಸಾಯದಿದ್ದದ್ದು ಅನ್ನದಿಂದ ಸಾಯುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಅಧ್ಯಯನವು ಇದಕ್ಕೆ ದಾರಿ ತೋರಿದೆ. ಪಿಷ್ಟ ಕಡಿಮೆಯಿದ್ದು ಸಸಾರಜನಕ, ಖನಿಜಗಳು ಹೆಚ್ಚಿರುವ ಒಣಗಿಸಿದ ಕುದುರೆ ಮಸಾಲೆ ಸೊಪ್ಪೇ ಆರಂಭದ ಉತ್ತಮ ಆಹಾರ. ಅದನ್ನು ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಆರು ಬಾರಿ ಕೊಟ್ಟು, ಸುಮಾರು 10 ದಿನಗಳಲ್ಲಿ ಪ್ರಮಾಣವನ್ನು ಏರಿಸಬೇಕು. ಶುದ್ಧ ನೀರು ಸದಾ ಬಳಿಯಿರಬೇಕು. ಕಳೆದುಹೋದ ಮೈ ಮರಳಲು ತಿಂಗಳುಗಳೇ ಬೇಕು. ಚೇತರಿಕೆಯನ್ನು ಅಳೆಯಲು 1983ರಲ್ಲಿ ಹೆನೆಕೆ ಮತ್ತು ಸಂಗಡಿಗರು ಪ್ರಕಟಿಸಿದ 1ರಿಂದ 9ರವರೆಗಿನ ಅಂಕಪಟ್ಟಿಯಿದೆ. ಪಕ್ಕೆಲುಬು, ಬೆನ್ನುಮೂಳೆ, ಬಾಲದ ಬುಡಗಳನ್ನು ಮುಟ್ಟಿ ನೋಡಿ ಅಂಕ ಕೊಡುವ ಈ ಕ್ರಮವನ್ನು ವಿದ್ಯಾರ್ಥಿಗಳೂ ಕಲಿಯಬಹುದು.

ಉಳಿದ ಆರೈಕೆಯನ್ನು ಪಶುವೈದ್ಯರ ಸಲಹೆಯಂತೆಯೇ ನಡೆಸಬೇಕು. ಗಾಯಗೊಂಡ ಕುದುರೆಗೆ ಧನುರ್ವಾಯುವಿನ ಭಯ ಹೆಚ್ಚು. ಬೆಳೆದು ಬಾಗಿದ ಗೊರಸನ್ನು ಒಂದೇ ದಿನದಲ್ಲಿ ಸರಿಪಡಿಸಲಾಗದು. ವಾರಗಳ ಅಂತರದಲ್ಲಿ ಹಂತಹಂತವಾಗಿ ಕತ್ತರಿಸಬೇಕು. ಹಲ್ಲಿನ ಚೂಪು ಅಂಚುಗಳನ್ನು ಅರದಿಂದ ಸವೆಸದಿದ್ದರೆ ಒಳ್ಳೆಯ ಮೇವೂ ವ್ಯರ್ಥ. ಮೂಗಿನಿಂದ ಕೀವು ಸುರಿಯುತ್ತಿದ್ದರೆ ಬರಿಗೈಯಲ್ಲಿ ಮುಟ್ಟದೆ ಬೇರೆಯಾಗಿಡಬೇಕು. ಗ್ಲ್ಯಾಂಡರ್ಸ್ ಎಂಬ ರೋಗವು ಮನುಷ್ಯರಿಗೂ ಹರಡುತ್ತದೆ.

1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನ ಪ್ರಕಾರ, ಸಾಕುಪ್ರಾಣಿಗೆ ಅನ್ನ, ನೀರು, ಆಸರೆ ಕೊಡದಿರುವುದೂ ಹಸಿವಿಗೆ ತಳ್ಳಿ ಬಿಟ್ಟುಬಿಡುವುದೂ ಅಪರಾಧ. ಆದರೆ ಆ ಕಲಮಿನಲ್ಲಿ ಮೊದಲ ಅಪರಾಧಕ್ಕೆ ಹೇಳಿರುವ ದಂಡ 10ರಿಂದ 50 ರೂಪಾಯಿ ಮಾತ್ರ. ಕುದುರೆಯ ಒಂದು ಹೊತ್ತಿನ ಮೇವಿಗೂ ಅದು ಸಾಲದು. ಆದ್ದರಿಂದ ಕಾಯ್ದೆಯೊಂದನ್ನೇ ನಂಬಿ ಕುಳಿತರೆ ಆಗದು. ಸವಾರಿಗೆ ಪರವಾನಗಿ ಕೊಡುವವರು ದುಡಿಮೆಯಿಲ್ಲದ ದಿನಗಳ ಮೇವಿನ ಲೆಕ್ಕವನ್ನೂ ಕೇಳಲಿ. ಊರು ತನ್ನ ಕಸವನ್ನು ಬೀದಿಗೆ ಸುರಿಯದಿರಲಿ. ಬಡ ಮಾಲೀಕನು ಕುದುರೆಯನ್ನು ಬಿಟ್ಟುಬಿಡುವ ಮೊದಲೇ ನೆರೆಯವರು ಅವನನ್ನು ಮಾತನಾಡಿಸಲಿ. ಚೆನ್ನಾಗಿ ಸಾಕಿದ ಕುದುರೆ 25 ವರ್ಷ ಬಾಳುತ್ತದೆ. ಅದರ ಬೆನ್ನಿನಿಂದ ಬದುಕಿದ ಬೆಟ್ಟದೂರಿಗೆ ಅದರ ಮುಪ್ಪಿನ ಹೊಣೆಯೂ ಸೇರಿದೆ.